ಹದಿನೇಳು ಗಿಡ್ಡ ಹೆಜ್ಜೆ

ಬೆಳಗಿನ ಐದೂಕಾಲು. ರೈಲು ಹಳಿಯ ಕೆಳಗಿನ ರಸ್ತೆಯಲ್ಲಿ ಮೊಣಕಾಲು ಮುಳುಗುವಷ್ಟು ಕಪ್ಪು ನೀರು. ಅಂಚಿನಲ್ಲಿ ಹದಿಮೂರು ಮಂದಿ ಚಪ್ಪಲಿ ಕೈಯಲ್ಲಿ ಹಿಡಿದು ಕಾಯುತ್ತಿದ್ದಾರೆ. ಸೀರೆ ಎತ್ತಿ ಕಟ್ಟಿದ ಗಿಡ್ಡ ಹೆಂಗಸೊಬ್ಬರು ಬಿದಿರುಕೋಲು ಊರಿ ಮುಂದೆ ಇಳಿಯುತ್ತಾರೆ.

“ಮುಂದಿನವರ ಹೆಗಲು ಬಿಡಬೇಡಿ. ಮಾತಾಡಬೇಡಿ, ಎಣಿಸ್ತಿದೀನಿ.”

ಇವರನ್ನು ಎಲ್ಲರೂ ಕೋಲಕ್ಕ ಅನ್ನುತ್ತಾರೆ. ವಯಸ್ಸು ಐವತ್ತಾರು. ಹೆರಿಗೆ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ಆಯಾ. ಲೈಟು ಕಂಬದಿಂದ ನೇರ ಹದಿನೇಳು ಹೆಜ್ಜೆ, ಆಮೇಲೆ ಎಡಗೋಡೆಗೆ ತಿರುಗಬೇಕು. ತಿರುಗದೆ ಇನ್ನೆರಡು ಹೆಜ್ಜೆ ಇಟ್ಟರೆ ಬಾಯಿ ತೆರೆದ ಮೋರಿ. ಅದರ ಮುಚ್ಚಳ ಹೋಗಿ ನಾಲ್ಕು ಮಳೆಗಾಲವಾಯಿತು. ಕೊಟ್ಟ ಅರ್ಜಿಗಳು ಮಾತ್ರ ಕಚೇರಿಯ ಕಪಾಟಿನಲ್ಲಿ ಒಂದು ಹನಿಯೂ ತಾಗದೆ ಒಣಗಿಕೊಂಡಿವೆ. ಸುತ್ತು ದಾರಿ ಹಿಡಿದರೆ ಒಂದೂವರೆ ಗಂಟೆ ಜಾಸ್ತಿ. ದುಡಿಯುವವರ ಒಂದೂವರೆ ಗಂಟೆಗೆ ಈ ಊರಿನಲ್ಲಿ ಯಾರೂ ಜವಾಬು ಕೊಡುವುದಿಲ್ಲ.

ಕಳೆದ ವರ್ಷ ಕೋಲಕ್ಕ ಜ್ವರ ಬಂದು ಮಲಗಿದಾಗ ಬ್ಯಾಂಕಿನ ವಾಚ್‌ಮನ್ ಕೋಲು ಹಿಡಿದರು. ಆರಡಿ ಆಳು. ಹನ್ನೆರಡು ಎಣಿಸುವಷ್ಟರಲ್ಲೇ ಸೊಂಟದವರೆಗೆ ಮೋರಿಯೊಳಗಿದ್ದರು. ಬಟ್ಟೆ ಹಿಂಡಿಕೊಂಡು ಜಗಳಕ್ಕೇ ಬಂದರಂತೆ: “ಅಕ್ಕಾ, ಹದಿನೇಳು ಅಂದಿದ್ರಲ್ಲ!”

“ಹದಿನೇಳು ಅಂದೆ ಕಣಪ್ಪಾ. ನಿನ್ನ ಒಂಟೆ ಕಾಲಲ್ಲಿ ಅಂದ್ನಾ?”

ಕೋಲಕ್ಕನ ಮನೆ ತಗ್ಗಿನಲ್ಲಿದೆ, ಎರಡು ಕೋಣೆ. ಮಂಚ ಇಟ್ಟಿಗೆಯ ಮೇಲೆ, ಒಲೆ ಮೇಜಿನ ಮೇಲೆ. ಗೋಡೆಯಲ್ಲಿ ವರ್ಷವರ್ಷದ ನೀರಿನ ಗೆರೆ. ಪಕ್ಕದಲ್ಲೇ ಸೊಸೆ ಪೆನ್ಸಿಲಿನಲ್ಲಿ ಹಾಕಿದ ಮೊಮ್ಮಗಳ ಎತ್ತರದ ಗೆರೆ. “ಈ ಸಲ ನಮ್ಮವಳೇ ಗೆದ್ಲು,” ಎಂದು ಅಜ್ಜಿ ನಗುತ್ತಾರೆ.

ಆಸ್ಪತ್ರೆಯ ಹಾಜರಿ ಯಂತ್ರಕ್ಕೆ ನಗು ಗೊತ್ತಿಲ್ಲ. ಆರು ಗಂಟೆ ದಾಟಿದರೆ ಕೆಂಪು ದೀಪ. ಒಂದು ತಿಂಗಳಲ್ಲಿ ಮೂರು ಸಲ ಕೆಂಪಾದರೆ ಕೆಲಸದ ಪಟ್ಟಿಯಿಂದ ಹೆಸರು ತೆಗೆಯುತ್ತೇನೆಂದು ಗುತ್ತಿಗೆದಾರ ಹೇಳಿದ್ದಾನೆ. ಕೋಲಕ್ಕನದು ಎರಡಾಗಿದೆ.

ಇವತ್ತು ಸಾಲು ಆಚೆ ದಡ ಮುಟ್ಟಿದೆ, ಅಷ್ಟರಲ್ಲಿ ಹಿಂದಿನಿಂದ ಕೂಗು: “ಅಕ್ಕಾ, ನಾನೂ ಇದೀನಿ!” ಗಾರ್ಮೆಂಟ್ಸಿಗೆ ಹೋಗುವ ಹುಡುಗಿ, ಏಳು ತಿಂಗಳ ಬಸುರಿ, ಹೊರಟ ದಡದಲ್ಲಿ ಒಬ್ಬಳೇ ನಿಂತಿದ್ದಾಳೆ.

“ನೀವು ಹೊರಡಿ, ನಾನು ಕರ್ಕೊಂಡು ಬರ್ತೀನಿ,” ಎನ್ನುತ್ತಾರೆ ವಾಚ್‌ಮನ್.

“ನೀನಾ? ಸುಮ್ನಿರು. ಆ ಕೂಸಿಗೆ ಮೊದಲ ಸ್ನಾನ ನಾನು ಮಾಡಿಸಬೇಕು, ಮೋರಿ ಅಲ್ಲ.” ಕೋಲಕ್ಕ ಮತ್ತೆ ನೀರಿಗೆ ಇಳಿಯುತ್ತಾರೆ. ಬರುವಾಗ ಹುಡುಗಿಯ ಎರಡು ಕೈಯೂ ಅವರ ಹೆಗಲ ಮೇಲೆ. ಹೆಜ್ಜೆ ಇನ್ನೂ ನಿಧಾನ.

ಆರು ಹನ್ನೆರಡಕ್ಕೆ ಯಂತ್ರ ಕೆಂಪಾಗುತ್ತದೆ.

“ಮೂರಾಯ್ತಲ್ಲ ಆಯಮ್ಮ,” ಎನ್ನುತ್ತಾನೆ ಗುತ್ತಿಗೆದಾರನ ಮೇಸ್ತ್ರಿ, ಮುಖ ನೋಡದೆ. “ಸೋಮವಾರ ಸಾಹೇಬರು ಏನಂತಾರೋ.”

“ಬರ್ಕೊಳ್ಳಿ. ಯಾಕೆ ತಡ ಆಯ್ತು ಅನ್ನೋದನ್ನೂ ಬರ್ಕೊಳ್ಳಿ.”

“ಅದಕ್ಕೆ ಪುಸ್ತಕದಲ್ಲಿ ಜಾಗ ಇಲ್ಲಮ್ಮ.”

ವಾರ್ಡಿನಲ್ಲಿ ಒಂಬತ್ತು ಕೂಸುಗಳು ಕಾಯುತ್ತಿವೆ. ಕೋಲಕ್ಕ ಸೀರೆ ಬದಲಿಸಿ, ಬಿಸಿನೀರಿನ ಬಕೆಟ್ಟಿನಲ್ಲಿ ಎರಡೂ ಕೈ ಅದ್ದಿ ನಿಲ್ಲುತ್ತಾರೆ. ಬೆರಳುಗಳು ನೆನೆದು ಸುಕ್ಕುಗಟ್ಟಿವೆ. ಸೋಮವಾರ ಕೆಲಸ ಹೋದರೆ? ಎಂದು ಕೇಳಿದರೆ ಹೇಳುತ್ತಾರೆ:

“ಹೋದ್ರೆ ಹೋಗ್ಲಿ ಅನ್ನೋಷ್ಟು ದೊಡ್ಡೋಳಲ್ಲ ನಾನು. ಭಯ ಇದೆ. ರಾತ್ರಿ ನಿದ್ದೆ ಬರಲ್ವೇನೋ. ಆದ್ರೆ ಅವಳನ್ನ ಅಲ್ಲೇ ಬಿಟ್ಟು ಬಂದು, ಇಲ್ಲಿ ಇನ್ನೊಬ್ಬಳ ಕೂಸನ್ನ ಎತ್ಕೊಳ್ಳೋಕೆ ಆಗ್ತಿತ್ತಾ?”

ಕೈ ಒರೆಸಿಕೊಂಡು, ಅಂಗೈಯನ್ನು ತಮ್ಮ ಕೆನ್ನೆಗೇ ಒತ್ತಿ ನೋಡಿಕೊಂಡು, ನಿನ್ನೆ ಹುಟ್ಟಿದ ಹೆಣ್ಣುಕೂಸನ್ನು ಎತ್ತಿಕೊಳ್ಳುತ್ತಾರೆ. ಅಳು ಥಟ್ಟನೆ ನಿಲ್ಲುತ್ತದೆ.

“ನೋಡಿ,” ಎನ್ನುತ್ತಾರೆ ಮೆಲ್ಲಗೆ, “ಹೊರಗೆ ಮಳೆ ಬಂದಿದ್ದೇ ಇವಳಿಗೆ ಗೊತ್ತಿಲ್ಲ.”