ಹಿಂದೆ ತಗ್ಗಿದ ಕಾರು

ರಸ್ತೆಯಲ್ಲಿ ಗುಂಡಿ ಕಂಡರೆ ಕಾಕಾ ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಸೀಟಿನಿಂದ ಮೇಲೇಳುತ್ತಿದ್ದರು. ಪೂರ್ತಿ ಏಳುವುದಲ್ಲ, ತಲೆ ಮೇಲಿನ ತಗಡಿಗೆ ತಾಕುವಷ್ಟು. ತಮ್ಮ ಮೈಭಾರವನ್ನು ಆ ಒಂದು ಕ್ಷಣ ಗಾಡಿಯ ಮೇಲಿಂದ ತೆಗೆದುಬಿಡಬೇಕು ಎಂಬಂತೆ. ಕತ್ತಿನ ನರ ಉಬ್ಬುತ್ತಿತ್ತು, ಉಸಿರು ನಿಲ್ಲುತ್ತಿತ್ತು. ಚಕ್ರ ಗುಂಡಿಗಿಳಿಯುವ ಮೊದಲು ಮೆಲ್ಲಗೆ “ಹುಷಾರ್” ಎನ್ನುತ್ತಿದ್ದರು. ಪಕ್ಕದಲ್ಲಿ ಕುಳಿತ ನನಗೇ ಹೇಳುತ್ತಿದ್ದಾರೆಂದು ಬಹಳ ದಿನ ತಿಳಿದಿದ್ದೆ. ಆಮೇಲೊಂದು ದಿನ ಗಮನಿಸಿದೆ, ಅವರ ಕಣ್ಣು ಮುಂದಿನ ಕನ್ನಡಿಯಲ್ಲಿತ್ತು. ಕನ್ನಡಿಯಲ್ಲಿ ಕಾಣುತ್ತಿದ್ದುದು ಹಿಂದಿನ ಖಾಲಿ ಸೀಟು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ವರ್ಷಗಳು. ನಾನು ಮದುವೆಯಾಗಿ ಬೆಳಗಾವಿಯ ದಂಡುಪ್ರದೇಶವಾದ ಕ್ಯಾಂಪಿಗೆ ಬಂದಿದ್ದೆ. ಒಂದು ಹಳೇ ಬಂಗಲೆಯನ್ನು ಭಾಗ ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಮುಂದಿನ ಭಾಗದಲ್ಲಿ ನಾವು, ಹಿತ್ತಲ ಕಡೆಯ ಕೋಣೆಗಳಲ್ಲಿ ಕಾಕಾ. ನಂಟರೇನಲ್ಲ. ಐವತ್ತು ದಾಟಿದ, ಒಂಟಿಯಾಗಿದ್ದ ಮನುಷ್ಯ. ಸುತ್ತಲಿನವರೆಲ್ಲ ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಖಾನಾಪುರದ ಒಂದು ಹೆಂಚಿನ ಕಾರ್ಖಾನೆಯಲ್ಲಿ ಮ್ಯಾನೇಜರಾಗಿದ್ದರು. ಎಷ್ಟು ತೊಳೆದರೂ ಅವರ ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಉಳಿದಿರುತ್ತಿತ್ತು. ಯಾರ ಮನೆಗೆ ಹೋದರೂ ಕೂರುವ ಮೊದಲು ಕತ್ತೆತ್ತಿ ಮಾಡು ನೋಡುತ್ತಿದ್ದರು. ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಅಷ್ಟೇ, ನಮಸ್ಕಾರಕ್ಕಿಂತ ಮೊದಲೇ ಹೇಳಿದರು: “ಆ ಮೂಲ್ಯಾಗಿನ ಹೆಂಚು ಸೀಳೇತಿ. ಮಳೀಗಾಲ ಬರೂದ್ರಾಗ ಬದಲ ಮಾಡಸ್ರಿ.” ಆ ಮಳೆಗಾಲದಲ್ಲಿ ಅಲ್ಲೇ ಸೋರಿತು.

ನನಗೆ ಖಾನಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಮೊದಲ ವಾರ ಬಸ್ಸಿನಲ್ಲಿ ಜೋತಾಡಿಕೊಂಡು ಹೋದೆ. ಒಂದು ಬೆಳಿಗ್ಗೆ ಕಾಕಾ ಗೇಟಿನ ಹತ್ತಿರ ಕಾರು ನಿಲ್ಲಿಸಿ, “ತಂಗೀ, ಬಸ್ಸಿಗೆ ಯಾಕ ಒದ್ದಾಡ್ತಿ? ನಾ ದಿನಾ ಅಲ್ಲಿಗೇ ಹೋಗಾಂವ. ಬಾ, ಕುಂದ್ರು” ಎಂದರು. ಹಿರಿಯರ ಪಕ್ಕ ಕೂರುವ ಸಂಕೋಚಕ್ಕೆ ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ.

“ಹಿಂದ ಬ್ಯಾಡವಾ,” ಎಂದರು. ದನಿ ಗಡುಸಾಗಿರಲಿಲ್ಲ, ಆದರೆ ಎರಡನೇ ಮಾತಿಗೆ ಅಲ್ಲಿ ಜಾಗವಿರಲಿಲ್ಲ. “ಮುಂದ ಬಾ.”

ಅದು ನನ್ನಷ್ಟೇ ವಯಸ್ಸಿನ ವಿಲಾಯತಿ ಕಾರು. ಗಾಢ ಹಸಿರು ಬಣ್ಣ, ಉಬ್ಬಿದ ದೀಪಗಳು, ಒಳಗೆ ಹಳೇ ಚರ್ಮದ ವಾಸನೆ. ಹಿಂಭಾಗ ಮಾತ್ರ ತೀರಾ ತಗ್ಗಿತ್ತು. ಹಿಂದಿನ ಗಾಲಿಗಳು ಅರ್ಧಕ್ಕರ್ಧ ಮಡ್‌ಗಾರ್ಡಿನೊಳಗೆ ಹುದುಗಿ, ಮೂತಿ ಮೇಲೆದ್ದು ನಿಲ್ಲುತ್ತಿತ್ತು. ದೂರದಿಂದ ನೋಡಿದವರಿಗೆ ಹಿಂದಿನ ಸೀಟಿನಲ್ಲಿ ಯಾರೋ ಕುಳಿತಿದ್ದಾರೆ ಅನ್ನಿಸಬೇಕು.

ಶಾಲೆಯ ಹುಡುಗಿಯರು ಕೇಳಿಯೇ ಬಿಟ್ಟರು. “ಟೀಚರ್, ನಿಮ್ಮ ಕಾರಿನ್ಯಾಗ ಹಿಂದ ಕುಂದರೂವ್ರು ಯಾರ್ರೀ?”

“ಯಾರೂ ಇಲ್ಲಲ್ಲ.”

“ಮತ್ತ ಗಾಡಿ ಯಾಕ್ರೀ ಹಂಗ ಕುಂತಿರ್ತೈತಿ?”

ದಾರಿಯಲ್ಲಿ ದೇಸೂರಿನ ಹತ್ತಿರ ಒಂದು ಚಹಾದಂಗಡಿಯಲ್ಲಿ ಕಾಕಾ ನಿಲ್ಲಿಸುತ್ತಿದ್ದರು. ಕಾರಿನಲ್ಲೇ ಕುಳಿತು ಕುಡಿಯುವುದು ರೂಢಿ. ಒಂದು ಸಲ ಅಂಗಡಿಗೆ ಹೊಸದಾಗಿ ಸೇರಿದವನು ಗಾಡಿಯನ್ನು ಒಮ್ಮೆ ನೋಡಿ ಮೂರು ಚಹಾ ತಂದ. ನಾನು ನಗಲು ಹೊರಟವಳು ಕಾಕಾರ ಮುಖ ನೋಡಿ ಸುಮ್ಮನಾದೆ. ಅವರು ಆ ಮೂರನೆಯ ಲೋಟವನ್ನು ವಾಪಸು ಕಳಿಸಲಿಲ್ಲ. ತೆಗೆದುಕೊಂಡು ಡ್ಯಾಶ್‌ಬೋರ್ಡಿನ ಮೇಲಿಟ್ಟರು. ನಾವು ಕುಡಿದು ಮುಗಿಸುವವರೆಗೆ ಅದು ಅಲ್ಲೇ ಆರಿ, ಕೆನೆಗಟ್ಟಿತು.

ಅಂದು ಧೈರ್ಯ ಮಾಡಿ ಕೇಳಿದೆ. “ಕಾಕಾ, ಈ ಗಾಡಿ ಹಿಂದ ಯಾಕ ಇಷ್ಟು ತಗ್ಗೈತ್ರಿ? ಏನರ ಮುರದೈತೇನು?”

“ಮುರದಿಲ್ಲ, ತಗ್ಗಿಸೇನಿ,” ಎಂದರು. ಹೇಗೆ ತಗ್ಗಿಸಿದರೆಂಬುದನ್ನು ಹೇಳುವಾಗ ಅವರಿಗೆ ಖುಷಿಯಿತ್ತು. ಹಿಂದಿನ ಗಾಲಿಗಳ ಮೇಲೆ ಗಾಡಿ ಕೂರುವುದು ಬಿಲ್ಲಿನಂತೆ ಬಗ್ಗಿದ ಉಕ್ಕಿನ ಪಟ್ಟಿಗಳ ಕಟ್ಟಿನ ಮೇಲೆ. ಅದಕ್ಕೆ ಪಾಟಾ ಎನ್ನುತ್ತಾರೆ. ಎರಡೂ ಕಡೆಯ ಕಟ್ಟಿನಿಂದ ಒಂದೊಂದು ಪಟ್ಟಿ ತೆಗೆಸಿದ್ದರು. ಉಳಿದವುಗಳ ಬಾಗು ತಟ್ಟಿ ಕಡಿಮೆ ಮಾಡಿಸಿದ್ದರು. ಸಾಲದೆಂದು ಗಾಲಿಯ ಅಚ್ಚಿಗೂ ಅದರ ಕೆಳಗಿದ್ದ ಪಾಟಾಕ್ಕೂ ನಡುವೆ ಕಬ್ಬಿಣದ ತುಂಡು ಇಟ್ಟು ಉದ್ದನೆಯ ಬೋಲ್ಟು ಬಿಗಿಸಿದ್ದರು. “ನಾಕ ಬಟ್ಟು ಇಳೀತು ನೋಡು,” ಎಂದು ಬೆರಳು ಜೋಡಿಸಿ ತೋರಿಸಿದರು.

“ಯಾಕ ಇಳಿಸಿದ್ರಿ?”

ಜೋಡಿಸಿದ ಬೆರಳು ಬಿಡಿಸಿಕೊಂಡು ಗಾಡಿ ಚಾಲೂ ಮಾಡಿದರು.

ಕಾರಣ ಹೇಳಿದ್ದು ಅವರ ಅಕ್ಕ. ಅವರ ಹುಟ್ಟೂರು ನಂದಗಡದಲ್ಲೇ ಇದ್ದರು, ಒಮ್ಮೊಮ್ಮೆ ತಮ್ಮನನ್ನು ನೋಡಲು ಬರುತ್ತಿದ್ದರು. ಒಂದು ಭಾನುವಾರ ನನ್ನ ಅಡುಗೆಮನೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತ, ಹಿತ್ತಲಲ್ಲಿ ಕಾರು ಒರೆಸುತ್ತಿದ್ದ ತಮ್ಮನನ್ನು ಕಿಟಕಿಯಿಂದ ನೋಡಿ, ತಾವಾಗಿಯೇ ಶುರು ಮಾಡಿದರು.

ಕಾಕಾರ ಹೆಂಡತಿಯ ತವರು ಖಾನಾಪುರದಾಚೆಯ ಹಳ್ಳಿ, ಮನೆಮಾತು ಮರಾಠಿ. ಮಕ್ಕಳಾಗಲಿಲ್ಲ. ನಲವತ್ತು ತುಂಬುವುದರೊಳಗೆ ಸಂಧಿವಾತದಿಂದ ಮೊಳಕಾಲುಗಳು ಬಿಗಿದುಕೊಂಡವು. ಕಾಲು ಮಡಚಲು ಬಾರದ್ದಕ್ಕೆ ಹಿಂದಿನ ಸೀಟಿನುದ್ದಕ್ಕೂ ಚಾಚಿ ಕೂರಬೇಕು. ಅಲ್ಲಿಗೆ ಏರಬೇಕಾದರೆ ಗಂಡ ಒಂದು ಕಡೆ, ಕಾರ್ಖಾನೆಯ ಆಳು ಒಂದು ಕಡೆ ಹಿಡಿದೆತ್ತಬೇಕು. ಪರಗಂಡಸು ಮೈ ಮುಟ್ಟಿ ಎತ್ತುವುದು ಆಕೆಗೆ ಸಾವಿಗಿಂತ ಕಷ್ಟ. ಹಾಗಾಗಿ ಮನೆ ಬಿಟ್ಟು ಹೊರಗೆ ಬರುವುದನ್ನೇ ನಿಲ್ಲಿಸಿದರು. ಖಾನಾಪುರದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಕಿಟಕಿಯ ಮುಂದೆ ಕುಳಿತುಬಿಟ್ಟರು.

ಆಗ ಕಾಕಾ ಕ್ಯಾಂಪಿನಿಂದ ಗಾಡಿ ರಿಪೇರಿಯ ಒಬ್ಬ ಮಿಸ್ತ್ರಿಯನ್ನು ಕರೆತಂದು ಕಾರ್ಖಾನೆಯ ಅಂಗಳದಲ್ಲೇ ಗಾಡಿಗೆ ಜಾಕು ಕೊಟ್ಟರು. ಪಾಟಾ ಬಿಚ್ಚುವುದು, ಜೋಡಿಸುವುದು, ಹೆಂಡತಿಯನ್ನು ಕರೆದು ಕೂರಲು ಹೇಳುವುದು, ಇನ್ನೂ ಎತ್ತರವಾಯಿತೆಂದು ಮತ್ತೆ ಬಿಚ್ಚುವುದು. ಕೊನೆಗೊಂದು ಸಂಜೆ ಆಕೆ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಮೆಲ್ಲಗೆ ಹಿಂದಕ್ಕೆ ಕುಸಿದು, ಯಾರ ಕೈಯೂ ಹಿಡಿಯದೆ ಸೀಟಿನ ಮೇಲೆ ಕುಳಿತರಂತೆ. ಖುಷಿಯಾದಾಗ ಆಕೆಗೆ ಬಾಯಿಗೆ ಬರುತ್ತಿದ್ದುದು ತಾಯಿಮಾತೇ. “ಬಸ್ಲೆ! ಮೀಚ್ ಬಸ್ಲೆ!” ಕುಳಿತೆ, ನಾನೇ ಕುಳಿತೆ ಎಂದು ಅಂಗಳದವರಿಗೆಲ್ಲ ಕೇಳುವಂತೆ ಕೂಗಿದರಂತೆ.

“ಆ ಚಳಿಗಾಲ ಇಬ್ರೂ ತಿರಗದ ಊರಿಲ್ಲ,” ಎಂದರು ಅಕ್ಕ. “ನಂದಗಡಕ್ಕಂತೂ ಬುಧವಾರ ತಪ್ಪಿದ್ರೂ ಶುಕ್ರವಾರ ಬರಾವ್ರು. ಗಾಡಿ ಬುಡಾ ಕಲ್ಲಿಗೆ ಬಡೀತಿತ್ತು. ಮಿಸ್ತ್ರಿ ಮದಲ ಹೇಳಿದ್ನಂತ, ಸಾಹೇಬ್ರ, ಇಷ್ಟು ಇಳಸಬಾರದ್ರಿ ಅಂತ. ಆಕಿ ನಗೂದು ನೋಡಿ ಇವಂಗ ಯಾರ ಮಾತು ಕೇಳಸ್ತೈತಿ?”

ಮುಂದಿನ ಮಳೆಗಾಲ ರಸ್ತೆಯನ್ನು ಕಿತ್ತುಹಾಕಿತು. ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ ಆಕೆಗೆ ಎದೆನೋವು ಬಂತು. ಕಾಕಾ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬೆಳಗಾವಿಗೆ ಹೊರಟರು. ದೇಸೂರಿಗಿಂತ ಮೊದಲು ಹಳ್ಳದ ಮೇಲೆ ಸಣ್ಣ ಸೇತುವೆಯಂಥ ಒಂದು ಕಲ್ಲಿನ ಮೋರಿಯಿದೆ, ರಸ್ತೆ ಅಲ್ಲಿ ಬೆನ್ನುಬ್ಬಿಸಿಕೊಂಡಂತೆ ಏರಿ ಇಳಿಯುತ್ತದೆ. ಆತುರದಲ್ಲಿದ್ದರು. ಮೋರಿಯ ಕಲ್ಲು ಗಾಡಿಯ ಹೊಟ್ಟೆಗೆ ಬಡಿದು ಪೆಟ್ರೋಲ್ ಟ್ಯಾಂಕು ಒಡೆದು ಸೋರಿತು. ಸ್ವಲ್ಪ ದೂರ ಹೋಗಿ ಎಂಜಿನು ನಿಂತಿತು. ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಬೇರೆ ಗಾಡಿ ಇಲ್ಲ. ಒಂದು ಲಾರಿ ಬರುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದರು.

“ಗಾಡಿ ನಿಂದರದಿದ್ರೂ ಆಕಿ ಉಳೀತಿರಲಿಲ್ಲ ಅಂತ ಡಾಕ್ಟರು ಹೇಳ್ಯಾರ,” ಎಂದು ಅಕ್ಕ ರೊಟ್ಟಿ ತಿರುವಿ ಹಾಕಿದರು. “ಇಂವ ಕೇಳಬೇಕಲ್ಲ? ಟ್ಯಾಂಕು ರಿಪೇರಿ ಮಾಡಿಸಿದ. ಪಾಟಾ ಹಂಗ ಬಿಟ್ಟ. ಖಾನಾಪುರದಾಗ ಇರಾಕಾಗೂದಿಲ್ಲಂತ ಇಲ್ಲಿಗೆ ಬಂದ, ಆದ್ರ ದಿನಾ ಅದ ಮೋರಿ ಮ್ಯಾಲ ಹೋಗ್ತಾನ, ಬರ್ತಾನ.”

ಮರುದಿನದಿಂದ ಆ ಮೋರಿ ಬಂದಾಗ ನಾನೂ ಸೀಟಿನ ಅಂಚು ಹಿಡಿಯುತ್ತಿದ್ದೆ. ತಿರುಗಿ ಹಿಂದಿನ ಸೀಟು ನೋಡುವ ಧೈರ್ಯ ಬರಲಿಲ್ಲ.

ನಾನು ಬಸುರಿಯಾದಾಗ ಏಳು ತಿಂಗಳು ತುಂಬಿದ ಮೇಲೂ ಕೆಲಸಕ್ಕೆ ಹೋಗುತ್ತಿದ್ದೆ. ಒಂದು ದಿನ ಪಾಠದ ನಡುವೆ, ದಿನ ತುಂಬುವ ಮೊದಲೇ, ನೋವು ಶುರುವಾಯಿತು. ಊರಿನ ಡಾಕ್ಟರು ನೋಡಿ, ಕೂಡಲೇ ಬೆಳಗಾವಿಗೆ ಒಯ್ಯಿರಿ ಎಂದರು. ಮುಖ್ಯೋಪಾಧ್ಯಾಯಿನಿ ಕಾರ್ಖಾನೆಗೆ ಹೇಳಿಕಳಿಸಿದರು.

ಕಾಕಾ ಬಂದರು. ಬೆಂಚಿನ ಮೇಲೆ ಒರಗಿದ್ದ ನನ್ನನ್ನು ನೋಡಿದರು. ಕಾರಿನ ಹತ್ತಿರ ಹೋಗಿ, ಹಿಂದಿನ ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತರು. ಆಮೇಲೆ ತೆಗೆದರು. “ಕಾಲು ಚಾಚಿ ಕುಂದ್ರು ತಂಗೀ,” ಎಂದರು. ನನ್ನ ತಲೆ ತೊಡೆಯ ಮೇಲಿಟ್ಟುಕೊಂಡು ಶಾಲೆಯ ಆಯಾ ಕುಳಿತಳು. ಕುಳಿತುಕೊಳ್ಳಲು ನನಗೆ ಒಂಚೂರೂ ಕಷ್ಟವಾಗಲಿಲ್ಲ. ಆ ಸೀಟು ಅಷ್ಟು ತಗ್ಗಿತ್ತು. ಯಾರದೋ ಜಾಗದಲ್ಲಿ ಮಲಗಿದ್ದೇನೆ ಎಂಬ ಭಯ ನೋವಿನ ನಡುವೆಯೂ ನನ್ನ ಬೆನ್ನಿಗೆ ತಾಗುತ್ತಿತ್ತು.

ಮೋರಿ ಇನ್ನೂ ದೂರವಿರುವಾಗಲೇ ಗಾಡಿ ನಿಂತಿತು. ಕಾಕಾ ಇಳಿದು ನನ್ನ ಬಾಗಿಲು ತೆಗೆದರು.

“ಇಳೀಬೇಕವಾ. ಮೋರಿ ದಾಟೂಮಟ ನಡೀಬೇಕು.”

ಆಯಾ ಸಿಡಿದಳು. “ನಿಮಗೇನ್ ತಲಿ ಕೆಟ್ಟೈತೇನ್ರೀ ಸಾಹೇಬ್ರ? ಇಂಥಾ ಹೊತ್ತಿನ್ಯಾಗ ನಡಸ್ತಾರ?”

“ಗಾಡಿ ಹಗುರ ಆಗಬೇಕು,” ಎಂದರು ಕಾಕಾ. ಕಣ್ಣು ಮಾತ್ರ ನನ್ನ ಮೇಲಿತ್ತು.

“ನಡೀತೀನ್ರಿ ಕಾಕಾ,” ಎಂದೆ.

ಅವರು ಖಾಲಿ ಗಾಡಿಯನ್ನು ಓರೆಯಾಗಿ ತಿರುಗಿಸಿ, ಒಂದೊಂದೇ ಗಾಲಿ ಏರಿಸಿ, ಒಂದೊಂದೇ ಇಳಿಸಿ ದಾಟಿಸಿದರು. ಆಚೆ ನಿಲ್ಲಿಸಿ ಓಡುತ್ತ ಬಂದು ನನ್ನ ತೋಳು ಹಿಡಿದರು. ಒಂದು ಕಡೆ ಆಯಾ, ಒಂದು ಕಡೆ ಅವರು. ಬಿಸಿಲು ಸುಡುತ್ತಿತ್ತು. ಮೋರಿಯ ನಡುವೆ ನೋವು ಬಂದು ನಾನು ನಿಂತೆ, ಅವರೂ ನಿಂತರು. ಮೋರಿಯ ಕಲ್ಲು ನೋಡುತ್ತ ಮರಾಠಿಯಲ್ಲಿ ಏನೋ ಅಂದರು. ನನಗೆ ಅಲ್ಲ. ನೋವು ಇಳಿದ ಮೇಲೆ, “ನಡಿ, ಆತು, ಇನ್ನೇನ್ ಆತು,” ಎನ್ನುತ್ತ ದಾಟಿಸಿದರು.

ಅಂದು ಸಂಜೆ ನನ್ನ ಮಗಳು ಹುಟ್ಟಿದಳು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೆಂದು ಡಾಕ್ಟರು ನನ್ನ ಯಜಮಾನರಿಗೆ ಹೇಳಿದರಂತೆ.

ಬಾಣಂತನ ಮುಗಿಸಿ ತವರಿನಿಂದ ಬಂದಾಗ ಹಿತ್ತಲಲ್ಲಿ ನಿಂತ ಕಾರಿನ ಗುರುತೇ ಹತ್ತಲಿಲ್ಲ. ಹಿಂಭಾಗ ಎದ್ದು ನೆಟ್ಟಗಾಗಿತ್ತು. ತೆಗೆದಿದ್ದ ಪಟ್ಟಿಗಳನ್ನು ಕಾಕಾ ಗ್ರೀಸು ಹಚ್ಚಿ, ಗೋಣಿತಾಟಿನಲ್ಲಿ ಸುತ್ತಿ ಇಷ್ಟು ವರ್ಷ ಕಾರ್ಖಾನೆಯಲ್ಲಿ ಇಟ್ಟಿದ್ದರಂತೆ. ಅವನ್ನೇ ಮತ್ತೆ ಹಾಕಿಸಿದ್ದರು. ಮತ್ತೆ ಅವರ ಜೊತೆ ಶಾಲೆಗೆ ಹೋಗತೊಡಗಿದೆ. ಗಾಡಿ ಈಗ ಎಲ್ಲೂ ಬಡಿಯುತ್ತಿರಲಿಲ್ಲ. ಕಾಕಾ ಸೀಟಿನಿಂದ ಏಳುತ್ತಿರಲಿಲ್ಲ, ಯಾರಿಗೂ ಏನೂ ಹೇಳುತ್ತಿರಲಿಲ್ಲ. ನನಗೆ ಸಮಾಧಾನವಾಗಬೇಕಿತ್ತು. ಆದರೆ ಗಾಡಿಯೊಳಗೆ ಮನೆ ಖಾಲಿ ಮಾಡಿ ಹೋದ ಮೇಲಿನ ಕೋಣೆಯಂಥ ಮೌನ.

ಚಹಾದಂಗಡಿಯವನು ನಕ್ಕು ಕೇಳಿದ. “ಸಾಹೇಬ್ರ, ಗಾಡ್ಯಾಗಿನವ್ರು ಇಳದು ಹ್ವಾದ್ರೇನ್ರಿ?”

“ಹೂಂ. ಇಳದ್ಲು,” ಎಂದರು ಕಾಕಾ. ಅರ್ಧ ಚಹಾ ಬಿಟ್ಟು ಲೋಟ ಕೆಳಗಿಟ್ಟರು. ಮತ್ತೆ ಅಲ್ಲಿ ಗಾಡಿ ನಿಲ್ಲಿಸಲಿಲ್ಲ.

ಆ ವರ್ಷ ಮುಗಿಯುವುದರೊಳಗೆ ಕಾರಿಗೆ ತಾಡಪತ್ರಿ ಹೊದಿಸಿ ರೈಲಿನಲ್ಲಿ ಖಾನಾಪುರಕ್ಕೆ ಹೋಗಿಬರತೊಡಗಿದರು. ಯಾಕೆಂದು ಕೇಳಿದ್ದಕ್ಕೆ, “ಖಾಲಿ ಗಾಡಿ ನಡಸಾಕ ಬರೂದಿಲ್ಲ ನನಗ,” ಎಂದರು.

ಮಗಳಿಗೆ ಮೂರು ವರ್ಷವಾದಾಗ ಕಾಕಾ ಕಾಮಾಲೆಯಿಂದ ಹಾಸಿಗೆ ಹಿಡಿದರು. ದಿನಾ ಗಂಜಿ ಒಯ್ಯುತ್ತಿದ್ದೆ. ಅಕ್ಕನೂ ನಂದಗಡದಿಂದ ಬಂದಿದ್ದರು. ಒಂದು ಬೆಳಿಗ್ಗೆ ಮಗಳನ್ನು ಅವರ ಹಾಸಿಗೆಯ ಮೇಲೆ ಕೂರಿಸಿ, ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ.

“ಕಾಕಾ, ಇಕಿ ಇರೂದು ನಿಮ್ಮಿಂದ. ಇನ್ನರ ಆ ಮೋರಿ ಮಾತು ಮನಸಿನಿಂದ ತಗದ್ಹಾಕ್ರಿ. ನೀವು ನಮ್ಮಿಬ್ಬರನ್ನೂ ದಾಟಿಸೀರಿ.”

ಅವರು ಮಗುವಿನ ಪುಟ್ಟ ಪಾದವನ್ನು ಕೈಯಲ್ಲಿ ಹಿಡಿದುಕೊಂಡರು. ಕಣ್ಣು ಹಳದಿಯಾಗಿತ್ತು.

“ದಾಟಿಸಿದ್ನಿ, ಖರೇ,” ಎಂದರು. “ಆದ್ರ ಇದರಾಗ ಅದನ್ನ ಕಳಿಯಾಕ ಬರೂದಿಲ್ಲ ತಂಗೀ. ಅದು ಹಂಗ ಉಳೀತೈತಿ. ಇದೂ ಉಳೀತೈತಿ.”

ಗಂಜಿ ಆರುತ್ತದೆಂದು ಚಮಚ ತೆಗೆದುಕೊಂಡೆ. ಆ ವಾರವೇ ಹೋದರು. ನಂದಗಡದಲ್ಲಿ ಹೆಂಡತಿಯ ಪಕ್ಕಕ್ಕೇ ಮಣ್ಣು ಮಾಡಿದರು.

ನಾವು ಆಮೇಲೆ ಕ್ಯಾಂಪು ಬಿಟ್ಟು ಬೆಳಗಾವಿಯಲ್ಲೇ ಮಹಾಂತೇಶ ನಗರಕ್ಕೆ ಬಂದೆವು. ಮಗಳು ಬೆಳೆದಳು, ಮದುವೆಯಾದಳು. ಅವಳು ಹುಟ್ಟಿದ ದಿನ ಪ್ರತಿ ವರ್ಷ ನಾನು ನಂದಗಡಕ್ಕೆ ಹೋಗುತ್ತೇನೆ. ಕಾಕಾರ ಸಮಾಧಿಯ ಮುಂದೆ ಕುಳಿತರೆ ಮಾತು ತಾನಾಗಿ ಬರುತ್ತದೆ. ಮಗಳ ಸುದ್ದಿ, ಮೊಮ್ಮಕ್ಕಳ ಸುದ್ದಿ, ಸೋರುವ ಮಾಡಿನ ಸುದ್ದಿ ಎಲ್ಲ ಹೇಳುತ್ತೇನೆ. ಪಕ್ಕದಲ್ಲಿರುವ ಆಕೆಯ ಮುಖವನ್ನು ನಾನು ನೋಡಿದವಳಲ್ಲ. ಆಕೆಗೆ ಏನು ಹೇಳಬೇಕೋ ಇಂದಿಗೂ ತಿಳಿಯುವುದಿಲ್ಲ. ಅದಕ್ಕೇ ಹೂವನ್ನು ಮೊದಲು ಆಕೆಗೇ ಇಡುತ್ತೇನೆ.