ಗೊಟ್ಟ ಹಿಡಿದ ಕೈ

ಪಾಂಡಪ್ಪ ಕನ್ನಡ ಓದಲು ಕಲಿಯುವುದಕ್ಕೂ ಮೊದಲು ಇಂಗ್ಲಿಷ್ ಓದಲು ಕಲಿತ. ಹುನ್ನೂರಿನ ಕಡೆಯವರು ಇದನ್ನು ಹೇಳಿಕೊಂಡು ಈಗಲೂ ನಗುತ್ತಾರೆ. ನಗಲಿ ಬಿಡಿ! ಮೂವತ್ತೆಂಟು ವರ್ಷದ ಗಂಡಸು, ಹೆಬ್ಬೆಟ್ಟು ಒತ್ತುವುದು ಬಿಟ್ಟರೆ ಅಕ್ಷರದ ಗಂಧವಿಲ್ಲದವನು, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಎ, ಬಿ, ಸಿ ಎನ್ನುತ್ತ ಕುರಿಗಳ ಹಿಂದೆ ಹೊರಟರೆ ಯಾರಿಗೆ ನಗು ಬಾರದು? ಆದರೆ ಯಾಕೆ ಕಲಿತನೆಂದು ತಿಳಿದ ಮೇಲೂ ಹಲ್ಲು ಕಿಸಿಯುವವನ ಎದೆಯಲ್ಲಿರುವುದು ಕಲ್ಲೇ ಸರಿ.

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು. ಆ ಚಳಿಗಾಲ ಪಾಂಡಪ್ಪನ ಕುರಿಗಳಿಗೆ ಕಜ್ಜಿ ಹತ್ತಿತು. ಸಾವಳಗಿಯ ಸಂತೆಯಲ್ಲಿ ಊರೂರು ತಿರುಗುವ ವ್ಯಾಪಾರಿಯೊಬ್ಬ ಒಂದು ಬಾಟಲಿ ಕೈಗಿಟ್ಟು, "ಕುರಿ ಕಜ್ಜಿಗೆ ಇದರಂಥಾ ಔಷಧ ಮತ್ತೊಂದಿಲ್ಲ" ಎಂದ. ಹಚ್ಚಬೇಕೋ ಕುಡಿಸಬೇಕೋ ಅವನು ಹೇಳಲಿಲ್ಲ, ಇವನು ಕೇಳಲಿಲ್ಲ. ಕೇಳುವುದೇನಿದೆ? ಆ ಹಟ್ಟಿಯ ಕುರಿಗಾರರಿಗೆ ಔಷಧವೆಂದರೆ ಗೊಟ್ಟ. ಬಿದಿರಿನ ನಳಿಕೆಯಲ್ಲಿ ತುಂಬಿ, ಕುರಿಯ ಬಾಯಿ ಬಿಡಿಸಿ ಗಂಟಲಿಗೆ ಸುರಿಯುವುದು. ಅಜ್ಜ ಮುತ್ತಜ್ಜರ ಕಾಲದಿಂದ ಹಾಗೇ. ಪಾಂಡಪ್ಪನೂ ಹಾಗೇ ಮಾಡಿದ. ಮರುದಿನ ಹೊತ್ತು ಮಾರುದ್ದ ಏರುವುದರೊಳಗೆ ಹದಿನೇಳು ಕುರಿ ಕಾಲು ಚಾಚಿದ್ದವು.

ಹಟ್ಟಿಯ ಹಿರಿಯರು ಬೀರದೇವರ ಗುಡಿಯ ಮುಂದೆ ಸೇರಿದರು. ಹಿಂದಿನ ದಿನ ಪಾಂಡಪ್ಪನ ಹೆಂಡತಿ ಸಿದ್ದಕ್ಕ ಹೊರಗಾಗಿದ್ದರೂ ಕುರಿದೊಡ್ಡಿಯೊಳಗೆ ಕಾಲಿಟ್ಟದ್ದನ್ನು ಯಾರೋ ನೋಡಿದ್ದರು. ಇಟ್ಟದ್ದೂ ಹೌದು. ತುಳಿತಕ್ಕೆ ಸಿಕ್ಕು ಅರಚುತ್ತಿದ್ದ ಮರಿಯನ್ನು ಎತ್ತಿಕೊಳ್ಳಲು ಓಡಿದ್ದಳು. ಅಷ್ಟು ಸಾಕಾಯಿತು. "ಮೈಲಿಗಿ ಆಗೇತಿ, ದೇವರು ಮುನದಾನ" ಎಂದ ಪೂಜಾರಿ ಹೊಳಬಸಪ್ಪ. ಅಂದಿನಿಂದ ಸಿದ್ದಕ್ಕ ದೊಡ್ಡಿಯೊಳಗೆ ಬರುವಂತಿಲ್ಲ, ಹಾಲು ಮುಟ್ಟುವಂತಿಲ್ಲ, ಗುಡಿಯ ಕಟ್ಟೆ ಏರುವಂತಿಲ್ಲ. ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದ ಹೆಣ್ಣುಮಗಳು ಬೇಲಿಯ ಹೊರಗೆ ಕಲ್ಲಿನ ಮೇಲೆ ಕುಳಿತು ತನ್ನ ಕುರಿಗಳನ್ನೇ ಪರರ ಕುರಿಗಳಂತೆ ನೋಡಬೇಕಾಯಿತು.

ಪಾಂಡಪ್ಪನಿಗೆ ಮಾತ್ರ ಆ ಔಷಧದ ಮೇಲೆಯೇ ಅನುಮಾನ. ಬಾಟಲಿಯ ಮೇಲೆ ಚೀಟಿ ಅಂಟಿಸಿದ್ದರು, ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಏನೋ ಇತ್ತು. "ಅದರಾಗ ಏನ ಬರದಾರ ನೋಡೂಣ್ರಿ. ರಾಮಣ್ಣ ಮಾಸ್ತರಿಗೆ ಇಂಗ್ಲಿಷ್ ಬರತೇತಿ, ಅವರ ಕಡೆ ಓದಸೂಣು" ಎಂದ.

ಹೊಳಬಸಪ್ಪ ತಲೆ ಅಲ್ಲಾಡಿಸಿದ. "ದೇವರ ಮುಂದ ಕೇಳಿದ ಮಾತು ನಡಿಯೂದಿಲ್ಲೋ, ಕಂಡ ಮಾತು ನಡೀತೈತಿ. ಗೊಟ್ಟ ಹಿಡದ ಕೈನ ಭಂಡಾರ ಹಿಡೀಬೇಕು. ನೀ ನಿನ್ನ ಕಣ್ಣಿಲೆ ಓದಿ ಹೇಳು, ಒಪ್ಪತೀವಿ. ಮಾಸ್ತರ ಓದಿದ್ದನ್ನ ನೀ ಒದರಿದ್ರ ಅದು ಗಿಳಿ ಮಾತಾತು."

ಅದು ಆ ಹಟ್ಟಿಯ ಹಳೆಯ ಕಟ್ಟಳೆ. ಭಂಡಾರ, ಅಂದರೆ ದೇವರ ಅರಿಷಿಣ, ಕೈಯಲ್ಲಿ ಹಿಡಿದವನು ತಾನು ಕಣ್ಣಾರೆ ಕಂಡದ್ದನ್ನಷ್ಟೇ ನುಡಿಯಬೇಕು. ಹೊಳಬಸಪ್ಪ ಈ ಮಾತು ಹೇಳಿದ್ದು ಪಾಂಡಪ್ಪನ ಬಾಯಿ ಮುಚ್ಚಿಸಲಿಕ್ಕೆ. ಕುರಿ ಕಾಯುವವನು ಇಂಗ್ಲಿಷ್ ಓದುವುದುಂಟೇ? ಸುತ್ತ ಕುಳಿತವರೆಲ್ಲ ನಕ್ಕರು. ಪಾಂಡಪ್ಪ ನಗಲಿಲ್ಲ. "ಆತು" ಎಂದ. ಬಾಟಲಿಯನ್ನು ಅರಿವೆಯಲ್ಲಿ ಸುತ್ತಿ, ಎಲ್ಲರ ಎದುರಿಗೇ ಬಿಗಿಯಾಗಿ ಗಂಟು ಹಾಕಿ, "ಇದನ್ನ ಇಲ್ಲೇ ಬಿಚ್ಚತೇನಿ" ಎಂದು ಎದ್ದ.

ಪಾಂಡಪ್ಪ ಒಮ್ಮೆ ಪಟ್ಟು ಹಿಡಿದರೆ ಅದು ಉಡದ ಪಟ್ಟು.

ಜಮಖಂಡಿಯ ಹೊರಗೆ ಅಣ್ಣಾಸಾಹೇಬರ ಹೊಲವೂ ಅದರಲ್ಲೇ ಮನೆಯೂ ಇದ್ದವು. ಸಂಸ್ಥಾನದ ಕಚೇರಿಯಲ್ಲಿ ಕಾರಕೂನರಾಗಿದ್ದವರು. ಸಂಸ್ಥಾನ ಹೋಯಿತು, ಕಾರಕೂನಿಕೆಯೂ ಹೋಯಿತು, ಉಳಿದದ್ದು ಇಂಗ್ಲಿಷೂ ಸಿಟ್ಟೂ. ಬೇಸಿಗೆಯಲ್ಲಿ ಕುರಿಹಿಂಡನ್ನು ಹೊಲದಲ್ಲಿ ತರುಬಿದರೆ ಹಿಕ್ಕೆಯ ಗೊಬ್ಬರ ಸಿಗುತ್ತದೆಂದು ರೈತರು ಕುರಿಗಾರರಿಗೆ ಜೋಳ ಕೊಡುವ ಪದ್ಧತಿ. ಪಾಂಡಪ್ಪ ಅವರ ಮುಂದೆ ಕೈಮುಗಿದು ನಿಂತ.

"ಸಾಹೇಬ್ರ, ನಿಮ್ಮ ಹೊಲದಾಗ ಕುರಿ ತರಬತೇನಿ. ಜ್ವಾಳ ಬ್ಯಾಡ್ರಿ. ಇಂಗ್ಲಿಷ್ ಕಲಸ್ರಿ."

ಅಣ್ಣಾಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ತಲಿ ನೆಟ್ಟಗ ಐತೇನ್ಲೇ? ಕನ್ನಡರ ಬರತೇತೇನ ನಿನಗ?"

"ಇಲ್ರಿ."

"ಹಂಗಾರ ಮೊದಲ ಅ ಆ ಇ ಈ ಕಲಿ!"

"ಬಾಟಲಿ ಮ್ಯಾಲ ಅ ಆ ಇ ಈ ಇಲ್ರೀ, ಸಾಹೇಬ್ರ."

ನಡೆದದ್ದನ್ನೆಲ್ಲ ಕೇಳಿದ ಅಣ್ಣಾಸಾಹೇಬರ ಪಿತ್ತ ನೆತ್ತಿಗೇರಿತು. "ತಾ ಇಲ್ಲೆ ಆ ಬಾಟಲಿ! ಒಂದ ನಿಮಿಷದ ಕೆಲಸ, ನಾ ಓದತೇನಿ" ಎಂದು ಕೈ ಚಾಚಿದರು. ಪಾಂಡಪ್ಪ ಎರಡೂ ಕಿವಿ ಮುಚ್ಚಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದ.

"ಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ! ನೀವು ಅಂದ್ರ ನನ್ನ ಕಿವಿಗೆ ಬಿದ್ದಂಗಾತು. ನನ್ನ ಕಣ್ಣಿಗೆ ಬೀಳಬೇಕ್ರಿ."

ಮುದುಕರು ಚಾಚಿದ ಕೈ ಹಿಂದೆಗೆದುಕೊಂಡರು. ಆಮೇಲೆ ಒಳಗೆ ಹೋಗಿ ಮೊಮ್ಮಗಳ ಒಡೆದ ಪಾಟಿಯೊಂದನ್ನು ತಂದು ಅವನ ಮುಂದೆ ಇಟ್ಟರು.

ಮಧ್ಯಾಹ್ನ ಕುರಿಗಳು ಬೇವಿನ ನೆರಳಿಗೆ ಮಲಗಿದಾಗ ಪಾಠ. ಕಂಬಳಿಗೆಂದು ಉಣ್ಣೆ ಕತ್ತರಿಸಿ ಕತ್ತರಿಸಿ ಗಂಟುಗಟ್ಟಿದ ಆ ಬೆರಳಲ್ಲಿ ಬಳಪ ನಿಲ್ಲುತ್ತಿರಲಿಲ್ಲ, ಹಿಡಿದರೆ ಮುರಿಯುತ್ತಿತ್ತು. "ಕುರಿ ಕಾಲಲ್ಲೋ ಅದು, ಬಳಪ!" ಎಂದು ಅಣ್ಣಾಸಾಹೇಬರು ಗದರುವರು. ಓದಿದರೆ ಸಾಕು, ಬರೆಯುವುದು ಬೇಡ ಎಂದು ಪಾಂಡಪ್ಪ ಗೋಗರೆದ. ಅವರು ಬಿಡಲಿಲ್ಲ. "ಬರೀಲಾರದಾವ ಓದಿದ್ದು ಹೊಳ್ಯಾಗ ಹುಣಸಿಹಣ್ಣು ತೊಳದಂಗ" ಎಂದರು.

ಅಕ್ಷರಗಳನ್ನು ಅವನು ಕಲಿತದ್ದು ತನ್ನದೇ ರೀತಿಯಲ್ಲಿ. ನೂರಿಪ್ಪತ್ತು ಕುರಿಗಳಲ್ಲಿ ಒಂದೊಂದನ್ನೂ ಮುಖ ನೋಡಿ ಗುರುತಿಸುವವನಿಗೆ ಇಪ್ಪತ್ತಾರು ಮುಖ ಯಾವ ದೊಡ್ಡ ಮಾತು? ಹದಿನೈದು ದಿನದಲ್ಲಿ ಎಲ್ಲವನ್ನೂ ಹೆಸರು ಹಿಡಿದು ಕರೆದ. ಅಷ್ಟರಲ್ಲಿ ಅಣ್ಣಾಸಾಹೇಬರು ಸಣ್ಣ ಅಕ್ಷರಗಳನ್ನು ಬರೆದು ತೋರಿಸಿದರು. ಪಾಂಡಪ್ಪನ ಜೀವ ಹಾರಿಹೋಯಿತು. "ಇವು ಬ್ಯಾರೆ ಹಿಂಡೇನ್ರಿ?" ಎಂದ. ಎರಡು ದಿನ ಮುಖ ಬಾಡಿಸಿಕೊಂಡು ತಿರುಗಿ, ಮೂರನೆಯ ದಿನ ತಾನೇ ಸಮಾಧಾನ ಹೇಳಿಕೊಂಡ: "ಇರ್ಲಿ. ಉಣ್ಣಿ ಕತ್ತರಿಸಿದ ಮ್ಯಾಲ ಕುರಿ ಬ್ಯಾರೆ ಕಾಣತೇತಿ, ಆದ್ರೂ ಅದ ಕುರಿ."

ಮುಖ ಗುರುತಿಸಿದ ಮಾತ್ರಕ್ಕೆ ಮಾತಾಗುವುದಿಲ್ಲವಲ್ಲ. ಅಕ್ಷರ ಕೂಡಿಸಬೇಕು, ಕೂಡಿಸಿದ್ದರ ಅರ್ಥ ತಿಳಿಯಬೇಕು. ಒಂದು ವರ್ಷ ಹೋಯಿತು. ಮಳೆಗಾಲದಲ್ಲಿ ಹಿಂಡು ದೂರ ಹೋದಾಗ ಬಂಡೆಯ ಮೇಲೆ ಕೆಮ್ಮಣ್ಣಿನಿಂದ ಬರೆದ. ಎದುರು ಸಿಕ್ಕವರು, "ಏನಪಾ ಕಲೆಕ್ಟರ್ ಸಾಹೇಬ, ಕುರಿಗೆ ಇಂಗ್ಲಿಷ್‌ನ್ಯಾಗ ಬೈತಿಯೇನ?" ಎಂದು ಕೆಣಕಿದರು. "ಹೂನಪಾ, ನೀನೂ ಬಂದು ನಿಲ್ಲು, ಕೂಡಿಸಿ ಬೈತೇನಿ" ಎಂದು ಮುಂದೆ ನಡೆದ. ಒಳಗೆ ಅಳು ಬಂದ ದಿನಗಳೂ ಇದ್ದವು. ಬಾಟಲಿಯ ಗಂಟನ್ನು ಮಾತ್ರ ಬಿಚ್ಚಲಿಲ್ಲ.

ಎರಡನೆಯ ವರ್ಷದ ಕೊನೆಗೆ ಅಣ್ಣಾಸಾಹೇಬರು ಹಳೆಯ ಪುಸ್ತಕದ ಒಂದು ಪುಟ ಕೊಟ್ಟು ಓದಿಸಿದರು. ಪಾಂಡಪ್ಪ ಬೆರಳಿಟ್ಟು, ತಡವರಿಸಿ, ಬೆವರಿ, ಕೊನೆಯವರೆಗೂ ಓದಿ ಅರ್ಥ ಹೇಳಿದ. "ಹೋಗು, ಗಂಟು ಬಿಚ್ಚು" ಎಂದರು ಅವರು, ಮುಖ ಆ ಕಡೆ ತಿರುಗಿಸಿಕೊಂಡು.

ಅಮಾವಾಸ್ಯೆಯ ದಿನ ಹಿರಿಯರು ಸೇರುವವರಿದ್ದರು. ಅದರ ಮುನ್ನಾದಿನ ಸಂಜೆ ರೊಟ್ಟಿ ಬಡಿಯುತ್ತಿದ್ದ ಸಿದ್ದಕ್ಕ ಕೇಳಿದಳು, "ಕುಡಿಸೂ ಔಷಧ ಅಂತ ಬರದಿದ್ರ?"

"ಬೇಲಿ ಹೊರಗ ಇಬ್ರೂ ಕುಂಡ್ರೂಣು."

"ಹಚ್ಚೂ ಔಷಧ ಅಂತ ಇದ್ರ?"

ಪಾಂಡಪ್ಪ ಒಲೆಗೆ ಕಟ್ಟಿಗೆ ನೂಕಿದ. ಆಗ ಹದಿನೇಳು ಕುರಿಗಳ ಜೀವ ಅವನ ಕೊರಳಿಗೇ. ಅದು ಅವನಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಸಿದ್ದಕ್ಕ ರೊಟ್ಟಿ ತಿರುವಿ ಹಾಕಿದಳು.

ಗುಡಿಯ ಮುಂದೆ ಇಡೀ ಹಟ್ಟಿ ನೆರೆದಿತ್ತು. ಹೊಳಬಸಪ್ಪ ಜಾಣ, ರಾಮಣ್ಣ ಮಾಸ್ತರರನ್ನೂ ಕರೆಸಿದ್ದ. ಮಾಸ್ತರರು ಪಾಟಿಯ ಮೇಲೆ ಇಂಗ್ಲಿಷಿನಲ್ಲಿ ಮೂರು ಮಾತು ಬರೆದರು. ಪಾಂಡಪ್ಪ ಓದಿ, ಮನೆ, ಮಳೆ, ರೈತ ಎಂದು ಅರ್ಥ ಹೇಳಿದ. ಮಾಸ್ತರರು ಹೇಳಿದ ಮಾತನ್ನು ಬರೆದೂ ತೋರಿಸಿದ. ಅಕ್ಷರಗಳು ಒಂದರ ಮೇಲೊಂದು ವಾಲಿದ್ದವು, ಆದರೆ ಒಂದೂ ತಪ್ಪಿರಲಿಲ್ಲ. ನಗಲೆಂದು ಬಂದವರು ಪಾಟಿ ನೋಡಲು ಮುಂದೆ ಬಾಗಿದರು.

ಪಾಂಡಪ್ಪ ಎಡಗೈಯಲ್ಲಿ ಭಂಡಾರ ಹಿಡಿದು, ಹಲ್ಲಿನಿಂದ ಗಂಟು ಬಿಚ್ಚಿ, ಬಾಟಲಿಯನ್ನು ಬಿಸಿಲಿಗೆ ಎತ್ತಿದ. ಚೀಟಿ ಹಳದಿಯಾಗಿತ್ತು. ಮೊದಲು ಮನಸ್ಸಿನಲ್ಲೇ ಓದಿಕೊಂಡ. ಓದಲು ಬರುತ್ತಿಲ್ಲವೆಂದು ಒಂದು ಮಾತು ಅಂದಿದ್ದರೆ ಎಲ್ಲರೂ ಒಂದು ಘಳಿಗೆ ನಕ್ಕು ಮನೆಗೆ ಹೋಗುತ್ತಿದ್ದರು, ಯಾರೂ ಅವನನ್ನು ಏನೂ ಅನ್ನುತ್ತಿರಲಿಲ್ಲ. ಅವನು ಒಮ್ಮೆ ಬೇಲಿಯ ಕಡೆ ನೋಡಿದ. ಸಿದ್ದಕ್ಕ ಅದೇ ಕಲ್ಲಿನ ಮೇಲೆ ಕುಳಿತಿದ್ದಳು.

"ಶೀಪ್ ವಾಶ್" ಎಂದು ಕೂಗಿ ಓದಿದ. "ಕುರಿ ಮೈ ತೊಳಿಯೂದು. ಫಾರ್ ದಿ ಸ್ಕಿನ್ ಓನ್ಲಿ. ಬರೇ ತೊಗಲಿಗೆ ಅಷ್ಟ. ಡು ನಾಟ್ ಗಿವ್ ಬೈ ಮೌತ್. ಬಾಯಾಗ ಹಾಕಬ್ಯಾಡ." ಬಾಟಲಿಯನ್ನು ಹಿರಿಯರ ಕಡೆ ಚಾಚಿದ. "ನಾ ಬಾಯಾಗ ಹಾಕೀನಿ. ಹದಿನೇಳು ಕುರಿ ಕೊಂದಾವ ನಾನು. ದೇವರೂ ಅಲ್ಲ, ಆಕಿನೂ ಅಲ್ಲ."

ಮಾಸ್ತರರು ಬಾಟಲಿ ಇಸಿದುಕೊಂಡು ನೋಡಿ, "ಖರೆ ಐತಿ" ಎಂದರು.

ಹೊಳಬಸಪ್ಪನ ಮುಖ ಕಪ್ಪಿಟ್ಟಿತು. ಆದರೂ ನ್ಯಾಯ ಬಿಟ್ಟವನಲ್ಲ. "ಸಿದ್ದಕ್ಕನ ಮ್ಯಾಲಿನ ಮಾತು ಇವತ್ತಿಗೆ ಮುಗೀತು. ಆಕಿ ಎರಡು ವರ್ಷ ಹೊರಗ ಕುಂತಾಳ, ಪಾಂಡಪ್ಪ. ಇನ್ನ ಎರಡು ವರ್ಷ ನೀ ಕುಂಡ್ರಬೇಕು."

"ಆತ್ರಿ" ಎಂದ ಪಾಂಡಪ್ಪ. ಹೋಗಿ ಆ ಕಲ್ಲಿನ ಹತ್ತಿರ ನಿಂತ.

ಸಿದ್ದಕ್ಕ ಎದ್ದಳು. ಗಂಡನನ್ನು ನೋಡಲಿಲ್ಲ, ಹಿರಿಯರನ್ನು ನೋಡಲಿಲ್ಲ. ನೆಟ್ಟಗೆ ದೊಡ್ಡಿಯ ಬಾಗಿಲ ಮುಳ್ಳು ಸರಿಸಿ ಒಳಗೆ ಹೋದಳು. ಕುರಿಗಳು ಅವಳನ್ನು ಮೂಸಿ ಸುತ್ತುವರಿದವು. ಎರಡು ವರ್ಷದ ಹಿಂದೆ ತಾನು ಎತ್ತಿಕೊಂಡಿದ್ದ ಮರಿ ಈಗ ತಾಯಾಗಿತ್ತು. ಅದರ ಬೆನ್ನ ಮೇಲೆ ಕೈಯಿಟ್ಟು ಹೊರಗೆ ತಿರುಗಿದಳು.

"ನಾ ಎರಡು ವರ್ಷ ಕುಂತದ್ದು ಇಬ್ಬರ ಸಲವಾಗಿನೂ ಆತು" ಎಂದಳು, ಹಟ್ಟಿಗೆಲ್ಲ ಕೇಳುವಂತೆ. "ಮಾಡದ ತಪ್ಪಿಗೆ ನಾ ಸುಮ್ಮನ ಕುಂತೀನಿ. ಅದನ್ನ ನನಗ ತಿರುಗಿ ಕೊಡವರು ಯಾರದಾರು? ಒಳಗ ಬರ್ರಿ, ಕುರಿ ಹಸದಾವು."

ಹೊಳಬಸಪ್ಪನೇ ಪಾಂಡಪ್ಪನಿಗೆ ಕೈಸನ್ನೆ ಮಾಡಿ ಹೋಗು ಎಂದ. ಪಾಂಡಪ್ಪ ಬಾಗಿಲ ಮುಳ್ಳು ದಾಟಿ ಒಳಗೆ ಹೋದ.