ಗೇಟಿನಲ್ಲಿ ನಿಲ್ಲುತ್ತಿದ್ದ ಗಾಡಿ

ಹೊನ್ನಾಳಿಯಲ್ಲಿ ಗೊಬ್ಬರದಂಗಡಿಯೊಂದರ ಮಹಡಿಯ ಮೇಲೆ ನಮ್ಮ ಕಚೇರಿ ಇತ್ತು. ಕಸ ಸಾಗಿಸುವ ಗುತ್ತಿಗೆ ಹಿಡಿದಿದ್ದ ಒಂದು ಕಂಪನಿಯಲ್ಲಿ ನಾನು ಕೆಲಸಕ್ಕಿದ್ದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಓಡುವ ಕಸದ ಗಾಡಿಗಳಿಗೆಲ್ಲ ಜಿಪಿಎಸ್ ಕೂರಿಸಿದ್ದರು. ಗೋಡೆಯ ಮೇಲಿನ ಪರದೆಯಲ್ಲಿ ಒಂದೊಂದು ಗಾಡಿಯೂ ಒಂದೊಂದು ಚುಕ್ಕಿ. ಯಾವ ಚುಕ್ಕಿ ಎಲ್ಲಿ ನಿಂತಿದೆ, ಯಾವ ಬೀದಿ ಬಿಟ್ಟುಹೋಗಿದೆ ಎಂದು ನೋಡಿ ಡ್ರೈವರುಗಳಿಗೆ ಫೋನ್ ಮಾಡುವುದೇ ನನ್ನ ಕೆಲಸ.

ನಾನು ಬಸವಾಪಟ್ಟಣದವಳು, ಮದುವೆಯಾಗಿ ಹೊನ್ನಾಳಿಗೆ ಬಂದವಳು. ನಾಲ್ಕು ಊರುಗಳ ಬೀದಿಗಳನ್ನು ಕುರ್ಚಿಯಲ್ಲಿ ಕೂತೇ ಕಲಿತೆ. ಆ ಊರುಗಳ ಕಸ ಸುರಿಯುವ ಜಾಗಗಳನ್ನು ಮಾತ್ರ ಒಂದನ್ನೂ ಕಣ್ಣಾರೆ ನೋಡಿರಲಿಲ್ಲ. ಪರದೆಯ ಮೇಲೆ ಅವೆಲ್ಲ ಖಾಲಿ ಬಯಲು, ನಡುವೆ ಒಂದು ದುಂಡನೆಯ ಗೀಟು. ಗಾಡಿ ಆ ಗೀಟಿನೊಳಗೆ ಹೋದರೆ ಚುಕ್ಕಿ ಹಸಿರಾಗುತ್ತಿತ್ತು, ಟ್ರಿಪ್ ಮುಗಿಯಿತೆಂದು ಲೆಕ್ಕ. ಹೋಗದಿದ್ದರೆ ಕೆಂಪು.

ಆ ಬೇಸಿಗೆಯಲ್ಲಿ ಒಂದು ಗಾಡಿ ದಿನವೂ ಕೆಂಪಾಗತೊಡಗಿತು. ನಾಲ್ಕರಲ್ಲಿ ಯಾವ ಊರಿನದು ಎಂದು ಇಲ್ಲಿ ಬರೆಯುವುದಿಲ್ಲ. ಕಸ ಸುರಿಯುವ ಜಾಗದ ಗೇಟಿನವರೆಗೆ ಬಂದು ಅಲ್ಲೇ ಕಸ ಸುರಿದು ವಾಪಸ್ಸಾಗುತ್ತಿತ್ತು. ನಾನು ಫೋನ್ ಮಾಡಿದೆ. ಡ್ರೈವರ್ ಐವತ್ತು ದಾಟಿದ ಮನುಷ್ಯ, ಅದುವರೆಗೆ ಒಂದು ದಿನವೂ ತಕರಾರು ಮಾಡಿದವನಲ್ಲ.

"ಒಳಗೆ ಹೋಗಾಕೆ ಆಗಲ್ಲ ಮೇಡಂ. ನೆಲ ಸುಡ್ತೈತೆ."

"ಬಿಸಿಲಿಗೆ ಎಲ್ಲಾ ಕಡೆ ಸುಡ್ತೈತೆ."

"ಬಿಸಿಲಲ್ಲ ರೀ. ಅಡೀಲಿಂದ. ಚಪ್ಪಲಿ ಮೆತ್ತಗಾಗ್ತವೆ. ಒಂದು ನಾಯಿ ಒಳಗೆ ಹೋಗಿತ್ತು, ಕುಂಟ್ಕಂಡು ಬಂತು. ಆಮೇಲೆ ಯಾವ ನಾಯೀನೂ ಹೋಗಿಲ್ಲ."

ಒಂದು ಫೋಟೋ ಕಳಿಸಿದ. ಬೂದು ಬಣ್ಣದ ದಿಬ್ಬ, ಅದರ ಬಿರುಕಿನಿಂದ ಏಳುವ ತೆಳ್ಳನೆಯ ಹೊಗೆ. ಬೆಂಕಿ ಎಲ್ಲೂ ಕಾಣುತ್ತಿರಲಿಲ್ಲ. ಯಾರೋ ತರಗೆಲೆ ಸುಟ್ಟಿರಬೇಕು ಅಂದುಕೊಂಡೆ. ಆದರೂ ನಮ್ಮ ಮ್ಯಾನೇಜರ್‌ಗೆ ಫೋಟೋ ತೋರಿಸಿದೆ. ಅವರು ಮೊಬೈಲನ್ನು ಕೈಗೂ ತೆಗೆದುಕೊಳ್ಳಲಿಲ್ಲ. "ಕಸ ಅಂದ್ಮೇಲೆ ಹೊಗೆ ಇರ್ತೈತೆ ಬಿಡ್ರೀ. ನನಗೆ ರಿಪೋರ್ಟಿನಾಗೆ ಕೆಂಪು ಇರಬಾರ್ದು, ಅಷ್ಟೇ," ಅಂದರು.

ಮತ್ತೆ ನಾಲ್ಕು ದಿನ ಕೆಂಪು. ಐದನೆಯ ದಿನ ಬೆಳಿಗ್ಗೆ ಚುಕ್ಕಿ ಗೇಟಿನ ಹತ್ತಿರ ಬರುವುದನ್ನೇ ಕಾದಿದ್ದು ಫೋನ್ ಮಾಡಿದೆ.

"ಇವತ್ತು ಒಳಗೆ ಹೋಗಲೇಬೇಕು. ನಾನು ನೋಡ್ತಾ ಇರ್ತೀನಿ."

ಆ ಕಡೆ ಗಾಡಿಯ ಇಂಜಿನ್ ಸದ್ದು ಕೇಳುತ್ತಿತ್ತು. "ಆಯ್ತು ರೀ," ಎಂದು ಇಟ್ಟುಬಿಟ್ಟ.

ಚುಕ್ಕಿ ನಿಧಾನವಾಗಿ ಹೊರಟಿತು. ಗೀಟು ದಾಟಿತು. ಹಸಿರಾಯಿತು. ನನಗೆ ಹಾಯೆನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಬೇರೆ ಊರಿನ ಗಾಡಿಗಳ ಕಡೆ ತಿರುಗಿದೆ. ಸ್ವಲ್ಪ ಹೊತ್ತಾದ ಮೇಲೆ ನೋಡಿದರೆ ಚುಕ್ಕಿ ಅಲ್ಲೇ ಇತ್ತು. ಕಸ ಸುರಿಯಲು ಅಷ್ಟು ಹೊತ್ತು ಬೇಕಿಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಚುಕ್ಕಿ ಕದಲಲಿಲ್ಲ. ಹಸಿರಾಗಿಯೇ ಇತ್ತು, ಪಕ್ಕದಲ್ಲಿ 'ಟ್ರಿಪ್ ಪೂರ್ಣ' ಎಂದು ಬರೆದಿತ್ತು.

ಆ ಗಾಡಿಯಲ್ಲಿ ಕಸ ತುಂಬುವ ಹೆಂಗಸೊಬ್ಬಳಿದ್ದಳು. ಅವಳ ನಂಬರಿಗೆ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದಳು.

"ಮೇಡಂ, ಗಾಡಿ ಕೂತ್ಕಂತು."

"ಎಲ್ಲಿ ಕೂತ್ಕಂತು?"

"ನೆಲದಾಗೆ."

ಅಷ್ಟೇ ಹೇಳಿದಳು, ಲೈನ್ ಹೋಯಿತು.

ಆಂಬುಲೆನ್ಸಿಗೆ ಹೇಳಿ, ಬಾಡಿಗೆ ಕಾರು ಹಿಡಿದು ಹೊರಟೆ. ನಾನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದಾಗಿತ್ತು. ಗಾಡಿ ಮಾತ್ರ ಅಲ್ಲೇ ಇತ್ತು, ಹಿಂದಿನ ಭಾಗ ಪೂರ್ತಿ ಒಳಗಿಳಿದು, ಮುಖ ಆಕಾಶ ನೋಡುತ್ತಾ. ಟಯರ್ ಕರಗಿದ ವಾಸನೆ. ನಾನು ಗೇಟಿನಿಂದ ಹತ್ತು ಹೆಜ್ಜೆ ಒಳಗೆ ಹೋದೆ. ಅಂಗಾಲಿಗೆ ಬಿಸಿ ತಟ್ಟಿತು. ಮೇಲೆ ಬೂದಿ ಮುಚ್ಚಿದ್ದ ಆ ದಿಬ್ಬದ ಹೊಟ್ಟೆಯೊಳಗೆ ಎಷ್ಟು ವಾರಗಳಿಂದ ಬೆಂಕಿ ಹರಿದಾಡುತ್ತಿತ್ತೋ. ಎಲ್ಲೋ ಒಳಗೆ ಏನೋ ಸಣ್ಣಗೆ ಕುಸಿದ ಸದ್ದಾಯಿತು. ನಾನು ಹಿಂದಕ್ಕೆ ಓಡಿಬಂದೆ.

ಗಾಡಿ ವಾಲಿದಾಗ ತಳ್ಳಲೆಂದು ಆ ಹೆಂಗಸು ಕೆಳಗಿಳಿದಿದ್ದಳು. ಎಡಗಾಲು ಮೊಣಕಾಲಿನವರೆಗೆ ಕೆಂಡದಲ್ಲಿ ಹೂತಿತ್ತು. ಎಳೆದು ತೆಗೆದವನು ಡ್ರೈವರ್, ಅವನ ಎರಡೂ ಅಂಗೈ ಬೆಂದಿದ್ದವು. ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಅವಳ ಮಂಚದ ಪಕ್ಕ ನಿಂತೆ. ಅವಳೇ ಕೇಳಿದಳು.

"ಅವತ್ತು ನೀವು ಟಿವೀಲಿ ನೋಡ್ತಾ ಇದ್ರಾ ಮೇಡಂ?"

"ಹೂಂ."

"ಮತ್ಯಾಕೆ ತಡ ಆತು? ನಾನು ಗಾಡಿ ಮೇಲಿನ ಡಬ್ಬಿ ಕಡೆ ಕೈ ಬೀಸಿದ್ದೆ ಅಲ್ಲೇನ್ರೀ. ಎರಡೂ ಕೈ ಬೀಸಿದ್ದೆ."

ಜಿಪಿಎಸ್ ಪೆಟ್ಟಿಗೆಯನ್ನು ಅವಳು ಕ್ಯಾಮೆರಾ ಅಂದುಕೊಂಡಿದ್ದಳು. ನಾನು ನೋಡುತ್ತಿರುತ್ತೇನೆ ಎಂದದ್ದನ್ನು ಡ್ರೈವರ್ ಅವಳಿಗೆ ಹೇಳಿದ್ದ. ಅದರಲ್ಲಿ ಮನುಷ್ಯರು ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ. "ತಪ್ಪಾಯ್ತವ್ವ," ಅಂದೆ. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

ಮರುದಿನ ಮ್ಯಾನೇಜರ್ ಫೋನ್ ಮಾಡಿದರು. "ವಿಚಾರಣೆಗೆ ಬರ್ತಾರೆ. ಗೇಟಿನ ತನಕ ಸಾಕು ಅಂತ ನೀವು ಹೇಳಿದ್ರಿ, ಡ್ರೈವರೇ ಒಳಗೆ ನುಗ್ಸಿದ ಅಂತ ಬರ್ದುಕೊಡ್ರಿ. ನಿಮಗೂ ಒಳ್ಳೇದು."

ಬರೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಸಾಲು ಬರೆದೆ. ಅದರಲ್ಲಿ ಅವನ ಹೆಸರು ಬರೆಯುವಾಗ ಬ್ಯಾಂಡೇಜ್ ಸುತ್ತಿದ್ದ ಆ ಕೈಗಳು ನೆನಪಾದವು. ಹಾಳೆ ಹರಿದು ಇನ್ನೊಂದರಲ್ಲಿ, ಹೋಗಲು ಹೇಳಿದ್ದು ನಾನೇ, ಅದಕ್ಕೆ ಮೊದಲೇ ಅವನು ಎಚ್ಚರಿಸಿದ್ದ, ಆ ಫೋಟೋವನ್ನು ಮ್ಯಾನೇಜರ್‌ಗೂ ತೋರಿಸಿದ್ದೆ ಎಂದು ಬರೆದು ಸಹಿ ಹಾಕಿದೆ. ಫೋಟೋವನ್ನೂ ಜೊತೆಗಿಟ್ಟೆ.

ಡ್ರೈವರನ ಕೆಲಸ ಉಳಿಯಿತು. ನನ್ನದು ಹೋಯಿತು. ಮ್ಯಾನೇಜರನ್ನು ಬೇರೆ ಊರಿಗೆ ಹಾಕಿದರು. ಅವಳು ಕೋಲು ಹಿಡಿದು ನಡೆಯುವಂತಾದಳು. ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟಿದ್ದಾರಂತೆ. ನಾನು ಎರಡು ಸಲ ಫೋನ್ ಮಾಡಿದೆ, ಅವಳು ಎತ್ತಲಿಲ್ಲ.

ಹೋದ ತಿಂಗಳು ಡ್ರೈವರೇ ಫೋನ್ ಮಾಡಿದ್ದ. ಹಳೆಯ ಜಾಗ ಮುಚ್ಚಿ, ಕಸಕ್ಕೆ ಊರಾಚೆ ಇನ್ನೊಂದು ಜಾಗ ಕೊಟ್ಟಿದ್ದಾರೆ ಅಂದ.

"ಅಲ್ಲೂ ದುಂಡಗೆ ಗೀಟು ಹಾಕ್ಯಾರಂತೆ ಮೇಡಂ."

"ಎಲ್ಲಿ ತನಕ ಹಾಕಿದ್ದಾರೆ?"

"ನಮಗೆ ಹೆಂಗೆ ಗೊತ್ತಾಗ್ತೈತೆ ಹೇಳ್ರಿ? ಆ ಗೀಟು ಕಾಣೋದು ಆಫೀಸಿನಾಗೆ ಕೂತೋರಿಗೆ ಮಾತ್ರ."